ಮೇಲಿನವನು, ಕೆಳಗಿನವನು

"ಎತ್ತೋ ಮಾರಾಯ, ನಿನ್ನ ಕಡೆ ಇಳೀತಾ ಇದೆ," ಎಂದು ವೆಂಡೆಲ್ ಪಕ್ಕದಿಂದ ಪಿಸುಗುಟ್ಟಿದ.

ಲೂಯಿಸ್ ಹೆಗಲು ಏರಿಸಿದ. ಶವಪೆಟ್ಟಿಗೆ ಹೊತ್ತ ನಾಲ್ವರಲ್ಲಿ ಅವನೇ ಕುಳ್ಳ. ಇಗರ್ಜಿಯಿಂದ ಸ್ಮಶಾನಕ್ಕೆ ಏರುದಾರಿ. ಹಿಂದೆ ಹೊತ್ತ ಇವರಿಬ್ಬರ ಮೇಲೇ ಭಾರವೆಲ್ಲ. ಸತ್ತ ಮೇಲೂ ಇವನೇ ಮೇಲೆ, ನಾನೇ ಕೆಳಗೆ ಅಂದುಕೊಂಡ ಲೂಯಿಸ್. ಹೊಟ್ಟೆಕಿಚ್ಚಿಗೆ ಸೂತಕ ಗೀತಕ ಏನೂ ಇಲ್ಲ.

ಪೆಟ್ಟಿಗೆಯೊಳಗೆ ಇದ್ದವನು ಕಾಸಿಯಾನ್. ಹಿಮದಲ್ಲಿ ಜಾರಲು ಬರುವವರನ್ನು ತೂಗುಕುರ್ಚಿಯಲ್ಲಿ ಬೆಟ್ಟ ಹತ್ತಿಸುವ ಊರಿನ ಚೇರ್‌ಲಿಫ್ಟಿನ ಮೇಲಿನ ತುದಿಯಲ್ಲಿ ಮೂವತ್ತೊಂದು ಚಳಿಗಾಲ ಕೆಲಸ ಮಾಡಿದವನು. ಅದೇ ಮೂವತ್ತೊಂದು ಚಳಿಗಾಲ ಕೆಳಗಿನ ತುದಿಯಲ್ಲಿ ನಿಂತವನು ಲೂಯಿಸ್. ಹಳೇ ಲಿಫ್ಟ್ ಕಿತ್ತು ಹೊಸದು ಹಾಕಿದಾಗ ಇಬ್ಬರ ಬದಲು ಒಬ್ಬ ಸಾಕು ಅಂತಾಯಿತು. ಕೆಲಸ ಕಾಸಿಯಾನನಿಗೆ ಸಿಕ್ಕಿತು, ಅದೂ ಕೆಳಗೆ, ಲೂಯಿಸನ ಜಾಗದಲ್ಲೇ. ಲೂಯಿಸನನ್ನು ಕಾರು ನಿಲ್ಲಿಸುವ ಬಯಲಿಗೆ ಅಟ್ಟಿದರು. ಅಂದಿನಿಂದ ಏಳು ವರ್ಷ ಅವನು ಕಾಸಿಯಾನನನ್ನು ಮಾತಾಡಿಸಿರಲಿಲ್ಲ. ಮೊನ್ನೆ ಕಾಸಿಯಾನ್ ಕೆಲಸದಿಂದ ಮನೆಗೆ ಬಂದು, ಬೂಟು ಬಿಚ್ಚುತ್ತ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಹೆಂಡತಿ ಸೆನ್ಸಿ ಹೆಗಲು ಕೊಡಲು ಕರೆದಳು. ಲೂಯಿಸ್ ಬಂದದ್ದು ಅದಕ್ಕಷ್ಟೇ ಅಲ್ಲ. ಅವನಿಗೊಂದು ಸಂಗತಿ ಗೊತ್ತಾಗಬೇಕಿತ್ತು: ಆ ಜಾಗ ತಾನಾಗಿ ಒದಗಿತೋ, ಕಾಸಿಯಾನ್ ಕೇಳಿ ಕಿತ್ತುಕೊಂಡನೋ?

ಗುಂಡಿಯೊಳಗೆ ಪೆಟ್ಟಿಗೆ ಇಳಿಯುವಾಗ ಎದುರಿನ ಬೆಟ್ಟದ ಮೇಲೆ ಲಿಫ್ಟ್ ನಿಂತಿತು. ಲಿಫ್ಟಿನವನು ಮಣ್ಣಾಗುವಾಗ ಮೂರು ನಿಮಿಷ ನಿಲ್ಲಿಸುವುದು ಇಲ್ಲಿನ ಪದ್ಧತಿ. ನಡುಗಾಳಿಯಲ್ಲಿ ತೂಗಾಡುತ್ತಿದ್ದ ಪರವೂರಿನವರು ಯಾಕೆಂದು ತಿಳಿಯದೆ ಶಿಳ್ಳೆ ಹೊಡೆದರು.

"ನೋಡು, ಊರೇ ನಿಂತಂಗಾಯ್ತು ಅವನಿಗೆ," ಅಂದ ವೆಂಡೆಲ್. ಅವನು ಇಳಿಜಾರಿನ ಹಿಮ ಸಮಮಾಡುವ ಯಂತ್ರದ ಡ್ರೈವರ್.

"ನಾನ್ ಸತ್ರೆ ಏನು ನಿಲ್ಲಿಸ್ತಾರೆ? ಕಾರುಗಳು ಹೆಂಗೂ ನಿಂತೇ ಇರ್ತವೆ."

ವೆಂಡೆಲ್ ಕೆಮ್ಮಿದಂತೆ ಮಾಡಿ ನಗು ನುಂಗಿದ. "ಹೆಣದ ಮೇಲೂ ಅಸೂಯೆನಾ? ಬಿಡೋ ಅತ್ಲಾಗೆ."

ಬಿಡುವುದು ಲೂಯಿಸನ ಕೈಲಿರಲಿಲ್ಲ.

*

ಹಳೇ ಲಿಫ್ಟಿನ ಕುರ್ಚಿಯಲ್ಲಿ ಇಬ್ಬರೇ ಕೂರಬಹುದಿತ್ತು. ತಿರುಗಿ ಬರುವ ಒಂದೊಂದು ಕುರ್ಚಿಯನ್ನೂ ಲೂಯಿಸ್ ಕೈಯಿಂದ ಹಿಡಿದು, ಮಂಡಿಯ ಹಿಂದೆ ಬಡಿಯದಂತೆ ತಡೆದು ಜನರನ್ನು ಕೂರಿಸುತ್ತಿದ್ದ. ನವೆಂಬರ್ ಬಂತೆಂದರೆ ಕೆಳಗೆ ಬೆಟ್ಟದ ನೆರಳು; ಫೆಬ್ರವರಿಯವರೆಗೆ ಸೂರ್ಯನ ಮುಖ ಕಾಣುತ್ತಿರಲಿಲ್ಲ. ಮೇಲೆ ಮಾತ್ರ ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು. ದೂರದ ಬೆಟ್ಟ ನುಣ್ಣಗೆ ಅಂತಾರೆ. ಲೂಯಿಸನಿಗೆ ದಿನಾ ತಲೆಯ ಮೇಲೇ ನಿಂತ ಬೆಟ್ಟವೂ ನುಣ್ಣಗೇ ಕಂಡಿತು.

ಒಂಬತ್ತು ಹೊಡೆದರೆ ಫೋನು.

"ಬಂತು ಕಣೋ ಬಿಸಿಲು," ಅನ್ನುತ್ತಿದ್ದ ಕಾಸಿಯಾನ್.

"ತಿನ್ನು, ಹೊಟ್ಟೆ ತುಂಬಾ ತಿನ್ನು."

"ಹದಿನೇಳನೇ ಕುರ್ಚೀಲಿ ಬಂದ ಮುದುಕಿ ಇಳಿಯೋವರೆಗೂ ನಗ್ತಾನೇ ಇದ್ಲು. ಏನಂದೆ ಅವ್ಳಿಗೆ?"

"ನಿಂಗ್ಯಾಕೆ?"

"ಹೇಳೋ, ಸುಮ್ನೆ."

ಲೂಯಿಸ್ ಹೇಳುತ್ತಿರಲಿಲ್ಲ. ಬಿಸಿಲಿಗೆ ಕಂದಿದ ಕಾಸಿಯಾನನ ಮುಖ, ಗಿಣ್ಣಿನಂತೆ ಬಿಳಿಚಿಕೊಂಡ ತನ್ನ ಮುಖ. ಇಷ್ಟು ವ್ಯತ್ಯಾಸ ಸಾಲದೆಂದು ಇವನಿಗೆ ನನ್ನ ಸುದ್ದಿಯೂ ಬೇಕೇ ಅನ್ನಿಸುತ್ತಿತ್ತು.

ಮುಂದೆ ಬಿಡಿಭಾಗ ಸಿಗದಾದವು, ಪರವಾನಗಿ ಮುಗಿಯಿತು. ಒಂದು ಮೇ ತಿಂಗಳು ಹೆಲಿಕಾಪ್ಟರ್ ಬಂದು ಹಳೇ ಕಂಬಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಯಿತು. ಆರು ಜನ ಕೂರುವ ಹೊಸ ಲಿಫ್ಟಿನ ಕೆಳಗೆ ಬೆಚ್ಚಗಿನ ಗಾಜಿನ ಕೋಣೆ ಎದ್ದಿತು. ಮ್ಯಾನೇಜರ್ ಓದಿದ ಪಟ್ಟಿಯಲ್ಲಿ ಆ ಕೋಣೆಯ ಮುಂದೆ ಕಾಸಿಯಾನನ ಹೆಸರಿತ್ತು. ಲೂಯಿಸ್ ಅವನ ಮುಖ ನೋಡಿದ. ಕಾಸಿಯಾನ್ ತನ್ನ ಬೂಟು ನೋಡಿಕೊಂಡ.

*

ಮಣ್ಣಿನ ನಂತರ ಊಟ ಹೋಟೆಲಿನಲ್ಲಿ. ಗೋಮಾಂಸದ ಸಾರು, ಅದರಲ್ಲಿ ಬ್ರೆಡ್ಡಿನ ಕಡುಬು. ಸೆನ್ಸಿ ಎಲ್ಲರನ್ನೂ ಮಾತಾಡಿಸಿ ಕೊನೆಗೆ ಲೂಯಿಸನ ಎದುರು ಬಂದು ಕೂತಳು.

"ಹೆಗಲು ಕೊಟ್ಟೆಯಲ್ಲ, ದೊಡ್ಡ ಮನಸ್ಸು ನಿಂದು."

"ದೊಡ್ಡದೇನಲ್ಲ. ಒಂದ್ ಮಾತು ಕೇಳ್ಬೇಕಿತ್ತು ಸೆನ್ಸಿ. ನನ್ ಜಾಗಾನ ಅವನೇ ಕೇಳಿ ತಗೊಂಡ್ನಾ?"

ಸೆನ್ಸಿ ಮೇಜಿನ ಮೇಲಿನ ಚೂರುಗಳನ್ನು ಒಟ್ಟುಮಾಡಿದಳು. "ಸತ್ತೋರ ಬಗ್ಗೆ ಸುಳ್ಳು ಹೇಳ್ಬಾರ್ದು. ಹೌದಪ್ಪ. ಪಟ್ಟೀಲಿ ಮೊದ್ಲು ನಿನ್ ಹೆಸ್ರೇ ಇತ್ತು. ಅವ್ರೇ ಮ್ಯಾನೇಜರ್ ಹತ್ರ ಹೋಗಿ, ಗಾಳೀಲಿ ಕೂತು ಸೊಂಟ ಬಿದ್ದೋಯ್ತು, ಲೂಯಿಸ್ ಗಟ್ಟಿ ಆಳು, ಹೊರಗೆ ನಿಂತ್ಕೋತಾನೆ ಅಂದ್ರಂತೆ. ಸೊಂಟಕ್ಕೇನೂ ಆಗಿರ್ಲಿಲ್ಲ. ನಾಚ್ಕೆಯಾಗಿ ವಾರ ಪೂರ್ತಿ ಅವ್ರ ಹತ್ರ ಮಾತು ಬಿಟ್ಟಿದ್ದೆ."

ಲೂಯಿಸನ ಚಮಚ ಬಟ್ಟಲಲ್ಲೇ ನಿಂತಿತು. ಏಳು ವರ್ಷ ಸಾಕಿದ ಅನುಮಾನ ನಿಜವಾಗಿತ್ತು. "ಯಾಕೆ? ಬಿಸಿಲೆಲ್ಲ ಅವನದೇ ಆಗಿತ್ತಲ್ಲ! ಇನ್ನೇನು ಬೇಕಿತ್ತು ಅವನಿಗೆ?"

"ಬಿಸಿಲು ಮಾತಾಡತ್ತಾ? ಮೂವತ್ತೊಂದು ವರ್ಷ ಜನರ ಬೆನ್ನು ನೋಡಿದೋರು ಅವ್ರು. ಕುರ್ಚಿ ಇಳಿದೋರು ಒಬ್ರಾದ್ರೂ ತಿರುಗಿ ನೋಡ್ತಾರಾ? ಜಾರ್ಕೊಂಡು ಹೋಗೇ ಬಿಡ್ತಾರೆ. ಮುಖಗಳೆಲ್ಲ ನಿನ್ನ ಪಾಲು. ಊರೋರ ಬಾಯಿಂದ ಕೇಳ್ಕೊಂಡು ಬಂದು, ಊಟಕ್ಕೆ ಕೂತ್ರೆ ನಿನ್ನದೇ ಸುದ್ದಿ. ಲೂಯಿಸ್‌ಗೆ ಯಾರೋ ಕಿತ್ತಳೆ ಕೊಟ್ರಂತೆ, ಲೂಯಿಸ್‌ನ ಯಾವಳೋ ತಬ್ಕೊಂಡ್ಲಂತೆ. ಹೊಟ್ಟೆಕಿಚ್ಚಲ್ಲಿ ತಟ್ಟೇಲಿದ್ದದ್ದು ಆರಿಹೋಗ್ತಿತ್ತು."

"ಮತ್ತೆ ಸಿಕ್ತಲ್ಲ ನನ್ ಜಾಗ? ಸುಖವಾಗಿದ್ನಾ?"

"ಎಲ್ಲಿಯ ಸುಖ! ಈಗ ಕಾರ್ಡು ಮುಟ್ಟಿಸಿದ್ರೆ ಗೇಟು ತೆರ್ಕೊಳ್ಳತ್ತೆ. ಗಾಜಿನ ಹಿಂದೆ ಕೂತೋನ್ನ ಯಾರು ಕೇಳ್ತಾರೆ? ಎದುರಿಗೆ ಕ್ಯಾಮೆರಾದ ಆರು ಪರದೆ ಇಟ್ಟಿದ್ರಂತೆ, ಒಂದ್ರಲ್ಲಿ ನಿನ್ ಬಯಲು. ದಿನವೆಲ್ಲ ಅದನ್ನೇ ನೋಡ್ತಿದ್ರು. 'ಜನಾನೆಲ್ಲ ಜೊತೇಲೇ ಕಟ್ಕೊಂಡು ಹೋದ ಕಣೇ ಕಳ್ಳ' ಅಂತ ನಿನ್ನ ಬೈತಿದ್ರು."

ಲೂಯಿಸನಿಗೆ ನಗು ಉಕ್ಕಿತು. ಸಾವಿನ ಊಟದಲ್ಲಿ ನಗಬಾರದೆಂದು ಬಾಯಿಗೆ ಬ್ರೆಡ್ಡು ತುರುಕಿಕೊಂಡ. ತನ್ನಂಥವನನ್ನು ನೋಡಿ ಕರುಬಿದವನೂ ಒಬ್ಬ ಇದ್ದನಲ್ಲ! ತನ್ನ ಹೆಂಡತಿ ಕರುಣೆ ತೋರಿದ್ದಳು, ಮಕ್ಕಳು ಬುದ್ಧಿ ಹೇಳಿದ್ದರು. ತನ್ನಂತಾಗಬೇಕೆಂದು ಯಾರೂ ಆಸೆಪಟ್ಟಿರಲಿಲ್ಲ. ಆಸೆಪಟ್ಟ ಒಬ್ಬನನ್ನು ಈಗಷ್ಟೇ ತಾನೇ ಹೊತ್ತು ಮಣ್ಣಿಗೆ ಇಳಿಸಿ ಬಂದಿದ್ದ.

*

ಮನೆಗೆ ಹೋಗಬೇಕಾದವನು ಲಿಫ್ಟಿನ ಕಡೆ ನಡೆದ. ಏಳು ವರ್ಷದಲ್ಲಿ ಒಮ್ಮೆಯೂ ಗಾಜಿನ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಇವತ್ತು ಅಲ್ಲಿ ಯೂಡಿತ್ ಎಂಬ ಹುಡುಗಿ ಇದ್ದಳು. ಅವನ ಸೂತಕದ ಕರಿ ಕೋಟು ನೋಡಿ ಎದ್ದು ನಿಂತಳು.

"ಬನ್ನಿ ಲೂಯಿಸ್ ಮಾಮ. ಕೂತ್ಕೊಳ್ಳಿ."

ಕುರ್ಚಿ ತಗ್ಗಾಗಿತ್ತು, ಕಾಸಿಯಾನನ ಉದ್ದ ಕಾಲಿಗೆ ಒಗ್ಗುವಂಥದ್ದಲ್ಲ. ಗಾಜಿನಾಚೆ ಜನ ಕಾರ್ಡು ಮುಟ್ಟಿಸಿ, ಹೆಲ್ಮೆಟ್ಟು ಬಗ್ಗಿಸಿ ಹಾದು ಹೋಗುತ್ತಿದ್ದರು. ಲೂಯಿಸ್ ಒಬ್ಬರಿಗೆ ತಲೆಯಾಡಿಸಿದ. ಆ ಮನುಷ್ಯ ಗೇಟನ್ನೇ ನೋಡುತ್ತ ಹೋದ.

"ಬಯಲು ಯಾವ್ದಮ್ಮ?"

ಅವಳು ಬಲಗಡೆಯ ಪರದೆ ತೋರಿಸಿದಳು. ಲೂಯಿಸ್ ಇಲ್ಲದ ಬಯಲು ಹಾಳು ಸಂತೆಯಾಗಿತ್ತು. ಕಾರುಗಳು ಅಡ್ಡಾದಿಡ್ಡಿ. ನೀಲಿ ಕಾರೊಂದು ಹಿಮದ ದಿಬ್ಬದ ಕಡೆ ಹಿಂದಕ್ಕೆ ಹೋಗುತ್ತಿತ್ತು, ಓಡಿಸುತ್ತಿದ್ದ ಹೆಂಗಸು ಕಿಟಕಿಯಿಂದ ಕತ್ತು ಹೊರಹಾಕಿದ್ದಳು.

"ಎಡಕ್ಕೆ ತಾಯಿ, ಎಡಕ್ಕೆ!" ಲೂಯಿಸ್ ಪರದೆಗೆ ಮೂಗು ತಾಗಿಸಿ ಕೂಗಿದ. "ಇನ್ನೂ ಸ್ವಲ್ಪ... ಸಾಕು, ಸಾಕು, ಸಾಕು!"

"ಅವ್ರಿಗೆ ಕೇಳ್ಸಲ್ಲ ಮಾಮ," ಅಂದಳು ಯೂಡಿತ್ ಮೆಲ್ಲಗೆ.

ಕಾರು ದಿಬ್ಬಕ್ಕೆ ಗುದ್ದಿ ನಿಂತಿತು. ಹೆಂಗಸು ಕೆಳಗಿಳಿದು, ಮಗುವಿನ ಕೈ ಹಿಡಿದು, ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದಳು. ಗಾಜಿನ ಹಿಂದೆ ಕೂತ ಲೂಯಿಸ್ ಪರದೆಯೊಳಗಿನ ಅವಳಿಗೆ ಕಾಣಲೆಂದು ಎರಡೂ ಕೈ ಎತ್ತಿದ.