‘ಇಸು’ ಪ್ರತ್ಯಯದ ಮೇಲೊಂದು ದಾವೆ

೧

ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ನೀರಿನಿಂದ ಹಿಡಿದರೆ ನೀವು ಅಯ್ಯೋ ಪಾಪ ಎಂದು ಪುಟ ತಿರುಗಿಸುತ್ತೀರಿ. ಸಮನ್ಸಿನಿಂದ ಹಿಡಿದರೆ, ‘ಏನೋ ಮಾಡಿಕೊಂಡಿರಬೇಕು ಬಿಡಿ’ ಎನ್ನುತ್ತೀರಿ. (ಎನ್ನುವುದಿಲ್ಲವೇ? ಹೂಸ್ಟನ್ ಪಕ್ಕದ ಕೇಟಿ ಊರಿನ ನಮ್ಮ ಜನ ಅದನ್ನೇ ಅಂದರು, ಅದೂ ಸಮನ್ಸು ಬಂದವಳ ಮನೆಯ ಹೋಳಿಗೆ ತಿಂದ ಬಾಯಲ್ಲೇ.) ಹಾಗಾಗಿ ಒಂದು ಕ್ರಿಯಾಪದದಿಂದ ಹಿಡಿಯುತ್ತೇನೆ. ಮುಳುಗಿಸಿದರು.

೨

ಹೇಳಿದವಳು ಕೃಷ್ಣವೇಣಿ. ಧಾರವಾಡದ ಹೆಣ್ಣುಮಗಳು, ಹೂಸ್ಟನ್ನಿನಲ್ಲಿ ಪೈಪ್‌ಲೈನ್ ಸುರಕ್ಷತೆಯ ಎಂಜಿನಿಯರ್. ಮಳೆ ಹೊಡೆದ ದಿನ ಕೇಟಿಯ ತನ್ನ ಮನೆಯ ಹಾಲ್‌ನಲ್ಲಿ ಮೊಣಕಾಲುದ್ದ ನೀರಿನ ನಡುವೆ ನಿಂತು ವಿಡಿಯೊ ಮಾಡಿದಳು. ಹಿಂದೆ ಸೋಫಾ ತೇಲುತ್ತಿತ್ತು. ಕಿಟಕಿಯಾಚೆ ಫೋನು ತಿರುಗಿಸಿ, ಬಡಾವಣೆಯ ಮಳೆನೀರು ನಿಲ್ಲಬೇಕಾದ ಕೊಳಕ್ಕೆ ಅರ್ಧ ಮಣ್ಣು ತುಂಬಿ ಬಿಲ್ಡರ್ ಎಬ್ಬಿಸಿದ್ದ ಹೊಸ ಮನೆಗಳನ್ನು ತೋರಿಸಿದಳು. ಕಡೆಗೆ ಅಂದಳು: “ಈ ಮಂದಿ ನಮ್ಮನ್ನ ಮುಳುಗಿಸಿದ್ರು.”

ವಿಡಿಯೊ ಡಾಲಸ್, ಆಸ್ಟಿನ್ ಕನ್ನಡ ಗ್ರೂಪುಗಳವರೆಗೂ ಓಡಿತು. ಆ ಹೊಸ ಮನೆಗಳಿಗೆ ಮುಂಗಡ ಕೊಟ್ಟವರು ಹಿಂದೆ ಸರಿದರು. ಬಿಲ್ಡರ್ ಮಾನನಷ್ಟದ ದಾವೆ ಹೂಡಿದ. ಅವಳ ಮಾತು ದಾವೆಯಲ್ಲಿ ಇಂಗ್ಲಿಷಾಗಿ ಕೂತಿತ್ತು: ‘ಇವರು ಉದ್ದೇಶಪೂರ್ವಕವಾಗಿ ನಮ್ಮ ಮನೆಗೆ ನೀರು ನುಗ್ಗಿಸಿದರು.’

ಈ ‘ಉದ್ದೇಶಪೂರ್ವಕ’ ಎಲ್ಲಿಂದ ಬಂತು? ‘ಇಸು’ವಿನಿಂದ. ಮುಳುಗು, ಮುಳುಗಿಸು. ಹೈಸ್ಕೂಲಿನಲ್ಲಿ ಎರಡು ಅಂಕದ ವ್ಯಾಕರಣ. ಟೆಕ್ಸಸ್ಸಿನಲ್ಲಿ ಒಂದು ಸಂಸಾರದ ಉಳಿತಾಯವನ್ನೇ ನುಂಗಬಲ್ಲ ವ್ಯಾಕರಣ.

೩ (ಹರಿದು ಹಾಕಿದ್ದು)

ಕೋರ್ಟು ಕಿಕ್ಕಿರಿದಿತ್ತು. ಕಟಕಟೆ ಹತ್ತಿದ ಕೃಷ್ಣವೇಣಿ ಗುಡುಗಿದಳು...

ಆಸ್ಟಿನ್ನಿನ ನಮ್ಮ ಓದುಬಳಗ ಇದಕ್ಕೆ ಚಪ್ಪಾಳೆ ತಟ್ಟಿತು. ಕೃಷ್ಣವೇಣಿ ತಟ್ಟಲಿಲ್ಲ. ಕೋರ್ಟಿನಲ್ಲಿ ತನ್ನನ್ನು ಯಾರೂ ಮಾತಾಡಲು ಕರೆಯುವುದಿಲ್ಲ, ಎಲ್ಲ ಅಫಿಡವಿಟ್ಟಿನ ಮೇಲೆ, ವಕೀಲರು ವಕೀಲರು ಮಾತಾಡಿ ಮುಗಿಸುತ್ತಾರೆ ಎಂದಳು. “ಗುಡುಗೂದು ನಿಮಗ ಬೇಕಾಗೇದ. ನನಗ ಗ್ವಾಡಿ ಒಣಗಿದ್ರ ಸಾಕು.”

೪

ಕೃಷ್ಣವೇಣಿಯ ವಕೀಲೆಯ ಹೆಸರು ತೃಪ್ತಿ. ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ಬೆಳೆದ ಮೈಸೂರಿನವರ ಮಗಳು. ಜೂಮ್‌ನಲ್ಲಿ ಅವಳು ವಿವರಿಸಿದ್ದಿಷ್ಟು: ಊರಿನ ವಿಷಯಕ್ಕೆ ಬಾಯಿ ತೆರೆದವರ ಮೇಲೆ ಸೇಡಿಗೆ ಹಾಕುವ ದಾವೆಯನ್ನು ಮೊಳಕೆಯಲ್ಲೇ ಚಿವುಟಲು ಇಲ್ಲೊಂದು ಕಾನೂನಿದೆ. ವಜಾ ಮಾಡಿ ಎಂದು ಅರ್ಜಿ ಹಾಕಿದೊಡನೆ, ಅದು ತೀರ್ಮಾನವಾಗುವವರೆಗೆ ದಾವೆ ಇದ್ದಲ್ಲೇ ನಿಲ್ಲುತ್ತದೆ. ಗೆದ್ದರೆ ನಮ್ಮ ವಕೀಲರ ಖರ್ಚು ಬಿಲ್ಡರನ ತಲೆಗೆ.

(ಶಾಸನಸಭೆಯವರು ಮೊದಲು ಈ ಕಾನೂನಿನ ಅಗಲವಾದ ಕಂಬಳಿಯನ್ನೇ ಹೊದಿಸಿದರು. ಕೆಲವು ವರ್ಷಕ್ಕೆ ತಾವೇ ಅದರ ಅಂಚು ಕತ್ತರಿಸಿದರು. ಫೆಡರಲ್ ಕೋರ್ಟಿಗೆ ಎಳೆದರಂತೂ ಕಂಬಳಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ಹೊದಿಸಿದವರಿಗೆ ಎರಡೂ ಸಲ ಚಳಿಯಿರಲಿಲ್ಲ.)

ಆಮೇಲೆ ತೃಪ್ತಿ ಮುಖ್ಯವಾದದ್ದಕ್ಕೆ ಬಂದಳು. “ಆಂಟಿ, ಅಮ್ಮನ್ನ ಕೇಳ್ದೆ. ಮುಳುಗಿಸಿದ್ರು ಅಂದ್ರೆ ಹಾಳು ಮಾಡಿದ್ರು ಅಂತಾನೂ ಆಗತ್ತಂತೆ. ಸೋ ಸಿಟ್ಟಲ್ಲಿ ಅಂದೆ, ನೀರಿನ ಅರ್ಥದಲ್ಲಿ ಅಲ್ಲ ಅಂತ ಬರ್ದು ಸೈನ್ ಮಾಡಿ. ಬೈಗುಳಾನ ಯಾರೂ ಸುಳ್ಳು ಅಂತ ಪ್ರೂವ್ ಮಾಡಕ್ಕಾಗಲ್ಲ.”

ನಿಜವನ್ನೇ ಹೇಳಿದೆ ಎಂದು ಬರೆದರೆ, ಎಂದು ಕೃಷ್ಣವೇಣಿ ಕೇಳಿದಳು. ಬಿಲ್ಡರ್ ಒಬ್ಬ ತಜ್ಞನನ್ನು ತಂದು, ಕೊಳಕ್ಕೂ ನೀರಿಗೂ ಸಂಬಂಧವಿಲ್ಲ ಎಂದು ಹೇಳಿಸುತ್ತಾನೆ. ಅಷ್ಟಾದರೆ ಅರ್ಜಿ ಬೀಳಬಹುದು, ದಾವೆ ವರ್ಷಗಟ್ಟಲೆ ಎಳೆಯಬಹುದು, ಎಂದಳು ತೃಪ್ತಿ.

೫

ಕೃಷ್ಣವೇಣಿ ಸೈನ್ ಮಾಡಲಿಲ್ಲ. ಮಾಡುವುದಿಲ್ಲ ಎಂದೂ ಹೇಳಲಿಲ್ಲ. ಐ-ಟೆನ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕೂತು ಒಂದನ್ನೇ ಮೆಲುಕು ಹಾಕಿದಳು. ಅವಳಿಗೆ ಬೇಕಾಗಿದ್ದದ್ದು ಕ್ಷಮಾಪಣೆಯಲ್ಲ, ಪರಿಹಾರವೂ ಅಲ್ಲ. ಬಿಲ್ಡರನ ಎಂಜಿನಿಯರನನ್ನು ಎದುರು ಕೂರಿಸಿ, ಪ್ರಮಾಣ ಮಾಡಿಸಿ, ಕೊಳದ ಬಗ್ಗೆ ಕೇಳಬೇಕಿತ್ತು. ದಾವೆ ನಡೆದರೆ ಹಾಗೆ ಕೇಳುವ ಹಕ್ಕು ಅವಳಿಗೂ ಉಂಟು. ಆದರೆ ಅರ್ಜಿ ಹಾಕಿದೊಡನೆ ಪ್ರಶ್ನೆಗಳೂ ನಿಲ್ಲುತ್ತವೆ. ಗೆದ್ದರೆ ಶಾಶ್ವತವಾಗಿ ನಿಲ್ಲುತ್ತವೆ.

ದ ವುಡ್‌ಲ್ಯಾಂಡ್ಸ್‌ನ ಕಚೇರಿಯಿಂದ ಬಂದ ಗಂಡ ಮೋಹನರಾಜ ಬ್ಯಾಗನ್ನೂ ಇಳಿಸದೆ ಅಂದ: “ಸೈನ್ ಮಾಡು ವೇಣಿ. ಒಂದು ಮಾತಿನ ಸಲುವಾಗಿ ಮನಿ ಮಾರೂದೇನು?”

“ಖರೇ ಅಂದ್ರ ಸಿಕ್ಕೋತೀನಿ, ಸುಮ್ನ ಬೈದೀನಿ ಅಂದ್ರ ಪಾರಾಗ್ತೀನಿ. ಇದು ಮಾತಿಗೆ ಕಾವಲೋ, ಮಾತಿನಿಂದ ಅವರಿಗೆ ಕಾವಲೋ?”

“ಎರಡೂ ಇರ್ಲಿ. ನಾವು ಪಾರಾಗೂಣು.”

(ಮೋಹನರಾಜನನ್ನು ಹೇಡಿಯಾಗಿ ಬರೆಯುವ ಆಸೆ ನನಗಿತ್ತು. ಆದರೆ ಹಸಿ ಗೋಡೆಯನ್ನು ದಿನಾ ಮುಟ್ಟಿ ನೋಡುತ್ತಿದ್ದವನು ಅವನೇ. ಬಿಟ್ಟೆ.)

೬

ಇಲ್ಲಿ ಕೃಷ್ಣವೇಣಿ ನನ್ನ ಕಡೆ ತಿರುಗಿದಳು.

“ನನ್ನ ಹೆಸರು ಬರದೀರಿ, ಊರು ಬರದೀರಿ, ಸೋಫಾ ಸೈತ ಬಿಟ್ಟಿಲ್ಲ. ಬಿಲ್ಡರ್‌ಗ ಯಾಕ ಹೆಸರಿಲ್ಲ?”

ಇದು ಕಾಲ್ಪನಿಕ ಕಥೆ, ಯಾರನ್ನೂ ಕುರಿತದ್ದಲ್ಲ ಎಂದು ಸಮಜಾಯಿಷಿ ಕೊಟ್ಟೆ.

“ಹಂಗಾರ ನೀವು ಆಗಲೇ ಸೈನ್ ಮಾಡೀರಿ ಅನ್ರಿ.”

ಉತ್ತರಿಸಲು ನಾಲ್ಕು ವಾಕ್ಯ ಬರೆದೆ. ನಾಲ್ಕನ್ನೂ ಹೊಡೆದು ಹಾಕಿದೆ.

೭

ಅವಳು ಮಾಡಿದ್ದು ನನ್ನ ಯಾವ ಕರಡಿನಲ್ಲೂ ಇರಲಿಲ್ಲ. ಅರ್ಜಿ ಹಾಕಲು ಒಪ್ಪಿದಳು, ಅಫಿಡವಿಟ್ಟಿನ ‘ನೀರಿನ ಅರ್ಥದಲ್ಲಿ ಅಲ್ಲ’ ಎಂಬ ಸಾಲನ್ನು ಮಾತ್ರ ಅಳಿಸಿ, ‘ಎರಡೂ ಅರ್ಥದಲ್ಲಿ’ ಎಂದು ಬರೆಸಿದಳು. ತೃಪ್ತಿ ತಲೆ ಹಿಡಿದುಕೊಂಡಳು.

“ಆಂಟಿ, ಯೂ ಹ್ಯಾವ್ ಟು ಪಿಕ್ ಒನ್.”

“ನೀ ಆರಿಸಿಕೋ ಅಂತೀ. ಕನ್ನಡದಾಗ ಅದು ಒಂದ ಶಬ್ದ ಅದವಾ. ಹೆಂಗ ಸೀಳ್ಲಿ?”

ಹೂಸ್ಟನ್ನಿನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ವಕೀಲರು ವಕೀಲರು ಮಾತಾಡಿದರು. ಅವಳು ಹಿಂದಿನ ಬೆಂಚಿನಲ್ಲಿ ಕೂತು, ತನ್ನ ಕ್ರಿಯಾಪದವನ್ನು ಇಬ್ಬರೂ ತಪ್ಪಾಗಿ ಉಚ್ಚರಿಸುವುದನ್ನು ಕೇಳಿದಳು. ಜಡ್ಜ್ ಕಾಗದ ತೆಗೆದುಕೊಂಡು, ಪರಿಶೀಲಿಸುತ್ತೇನೆ ಎಂದು ಎದ್ದರು.

೮

ಮುಗಿವು ಒಂದು: ದಾವೆ ವಜಾ. ಗ್ರೂಪಿನಲ್ಲಿ ಅಭಿನಂದನೆ, ಹೂವಿನ ಇಮೋಜಿ. ಕೊಳದ ಉಳಿದರ್ಧಕ್ಕೂ ಮಣ್ಣು.

ಮುಗಿವು ಎರಡು: ಅರ್ಜಿ ವಜಾ. ಬಿಲ್ಡರನಿಗೆ ಅಭಿನಂದನೆ. ಕೊಳದ ಉಳಿದರ್ಧಕ್ಕೂ ಮಣ್ಣು.

ಮುಗಿವು ಮೂರು: ತೀರ್ಮಾನಿಸದೆ ನಿಮ್ಮ ವಿವೇಚನೆಗೆ ಬಿಡುವುದು. ನಮ್ಮ ಓದುಬಳಗ ಕಲಿಸಿದ ಮರ್ಯಾದಸ್ತ ಉಪಾಯ. ಬರೆಯಲು ಕೂತಾಗ ಕೃಷ್ಣವೇಣಿಗೆ ತೃಪ್ತಿಯ ಫೋನು ಬಂತು.

೯

ಮೌನಂ ಸಮ್ಮತಿ ಲಕ್ಷಣಂ ಎಂದರು ಹಿರಿಯರು. ಅವರು ಟೆಕ್ಸಸ್ಸಿನಲ್ಲಿ ಮನೆ ಕೊಂಡವರಲ್ಲ. ಇಲ್ಲಿ ವಿಚಾರಣೆಯಾದ ಒಂದು ತಿಂಗಳೊಳಗೆ ಜಡ್ಜ್ ಬಾಯಿ ತೆರೆಯದಿದ್ದರೆ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ. ಸುಮ್ಮನಿದ್ದರೂ ತೀರ್ಪೇ. ಹಾಗೇನಾದರೂ ಆದರೆ ತಕ್ಷಣ ಅಪೀಲು ಹಾಕೋಣ, ಆಗಲೂ ದಾವೆ ನಿಂತೇ ಇರುತ್ತದೆ, ಹೆದರಬೇಡಿ ಎಂದಳು ತೃಪ್ತಿ. ಅಪೀಲು ಹಾಕದಿದ್ದರೆ ಏನಾಗುತ್ತದೆ ಎಂದು ಕೃಷ್ಣವೇಣಿ ಕೇಳಿದಳು. ದಾವೆ ಹೊರಡುತ್ತದೆ, ಅವರು ನಿಮ್ಮನ್ನು ಕೇಳುತ್ತಾರೆ, ನೀವು ಅವರನ್ನು ಕೇಳಬಹುದು, ಎಂದಳು ತೃಪ್ತಿ. ಮೋಹನರಾಜ ಗೋಡೆಯ ಮೇಲಿಂದ ಕೈ ತೆಗೆದು ಹೆಂಡತಿಯ ಮುಖ ನೋಡಿದ.

ತಿಂಗಳು ಇನ್ನೂ ತುಂಬಿಲ್ಲ. ಜಡ್ಜ್ ಬಾಯಿ ತೆರೆದಿಲ್ಲ. ನೀವೂ ತೆರೆದಿಲ್ಲ. ನಾನು ಇಲ್ಲಿ ಪೂರ್ಣವಿರಾಮ ಇಟ್ಟು ಕೈ ತೊಳೆದುಕೊಂಡರೆ ಅದೂ ಅವಳ ವಿರುದ್ಧವೇ ದಾಖಲಾಗುತ್ತದೆ. ಆದ್ದರಿಂದ ಮಾತು ನಿಲ್ಲಿಸುತ್ತಿಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದೇನೆ ಅಷ್ಟೆ. ಅಷ್ಟರಲ್ಲಿ ಅವಳು ಖಾಲಿ ಹಾಲ್‌ನಲ್ಲಿ, ಇಲ್ಲದ ಎಂಜಿನಿಯರನನ್ನು ಇಲ್ಲದ ಕುರ್ಚಿಯಲ್ಲಿ ಕೂರಿಸಿ, ಮೊದಲ ಪ್ರಶ್ನೆಯನ್ನು ಹದ ಮಾಡುತ್ತಿದ್ದಾಳೆ. ಸಿಟ್ಟು ಕಡಿಮೆ ಮಾಡಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಕಡೆಗೆ ತನ್ನ ಮಾತಿನಲ್ಲೇ:

“ಕೊಳದಾಗ ಮಣ್ಣು ಹಾಕೂ ಮುಂದ, ನೀರು ಎಲ್ಲಿಗೆ ಹೋಗಬೇಕಂತ ಮಾಡಿದ್ರಿ,