ಕುಂಟು ಮೊಲಗಳ ಭಾನುವಾರ

"ನಿಲ್ಸಿ, ನಿಲ್ಸಿ, ನಿಲ್ಸಿ!" ಮಿಸ್ಸು ಕೈ ತಟ್ಟಿ ಹಾಡು ನಿಲ್ಲಿಸಿದಳು. "ಯಾಕ್ರೋ ಎಲ್ಲಾ ಕುಂಟ್ತಾ ಇದೀರಾ?"

ಮೊಲಗಳು ನಿಂತವು. ಮೊಲಗಳೆಂದರೆ ಆರೇಳು ವರ್ಷದ ಮಕ್ಕಳು. ಬರುವ ಭಾನುವಾರ ಡ್ಯಾನ್ಸ್ ಸ್ಟುಡಿಯೋದ ಮೊದಲನೇ ವಾರ್ಷಿಕೋತ್ಸವ, ಅದರಲ್ಲಿ ಇವರದು 'ಕಾಡಿನ ಬೆಳಗು' ಎಂಬ ನೃತ್ಯ. ಬಟ್ಟೆಯ ಕಿವಿಗಳನ್ನು ಅಭ್ಯಾಸಕ್ಕೆಂದು ಇವತ್ತೇ ಕೊಟ್ಟಿದ್ದರಿಂದ ಒಬ್ಬರ ಕಿವಿಯೂ ನೆಟ್ಟಗಿರಲಿಲ್ಲ. ಒಬ್ಬನಂತೂ ಒಂದು ಕಿವಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದ.

"ಕುಂಟ್ತಾ ಇಲ್ಲ ಮಿಸ್, ಸ್ಟೆಪ್ಪೇ ಹಂಗಿದೆ," ಎಂದಳು ಎರಡು ಜಡೆಯ ಹುಡುಗಿ. ಯಾರು ಏನೇ ಹೇಳಲಿ, ಅವಳ ಹತ್ತಿರ ಒಂದು ಎದುರುವಾದ ತಯಾರಿರುತ್ತಿತ್ತು. ಹಾಗಾಗಿ ಸ್ಟುಡಿಯೋದಲ್ಲಿ ಅವಳಿಗೆ ಲಾಯರ್ ಎಂದೇ ಹೆಸರು.

"ನಾನು ಹೇಳ್ಕೊಟ್ಟ ಸ್ಟೆಪ್ಪು ನಂಗೇ ಗೊತ್ತಿಲ್ವೇನೆ? ಬಲಗಾಲು ಎತ್ತೋದು, ನೆಗೆಯೋದು, ಎರಡೂ ಕೈ ಎದೆ ಹತ್ರ. ಮೊಲ! ನೀವೇನು ಮಾಡ್ತಿದೀರಾ? ಅರ್ಧ ಕಾಲು ಎತ್ತಿ, ಎಡಗೈ ಪಕ್ಕಕ್ಕೆ ಚಾಚಿ, ಮುಖ ಹಿಂಡ್ಕೊಂಡು 'ಹಾ...' ಅಂತ ಉಸಿರು ಬಿಡ್ತೀರಾ. ಆ 'ಹಾ' ಎಲ್ಲಿಂದ ಬಂತು?"

"ಅದು ಮೊಲದ ಸೌಂಡು ಮಿಸ್."

"ಯಾವ ಮೊಲ ಹಂಗೆ ಮಾಡತ್ತೆ?"

"ನೀವು ಮೊಲ ಸಾಕಿದೀರಾ ಮಿಸ್?"

ಸಾಕಿರಲಿಲ್ಲ. ಮಿಸ್ಸು ಸುಮ್ಮನೆ ಹಾಡನ್ನು ಮತ್ತೆ ಮೊದಲಿನಿಂದ ಹಾಕಿದಳು. ಆದರೆ ಈ ಸಲ ಅವಳು ನೋಡಿದ್ದು ಮಕ್ಕಳ ಕಾಲನ್ನಲ್ಲ, ಕಣ್ಣನ್ನು. ಎಲ್ಲರ ಕಣ್ಣೂ ಮುಂದಿನ ಸಾಲಿನ ಒಂದೇ ಬೆನ್ನಿನ ಮೇಲಿತ್ತು. ಅದು ಸಾಸಿವೆ ಎಂದು ಎಲ್ಲರೂ ಕರೆಯುವ ಹುಡುಗಿಯ ಬೆನ್ನು. ಕ್ಲಾಸಿನಲ್ಲೇ ಎಲ್ಲರಿಗಿಂತ ಗಿಡ್ಡ ಎಂಬ ಒಂದೇ ಕಾರಣಕ್ಕೆ ಅವಳನ್ನು ಮುಂದೆ ನಿಲ್ಲಿಸಿದ್ದು. ಸಾಸಿವೆ ಎಡಕ್ಕೆ ವಾಲಿದರೆ ಇಡೀ ಕಾಡು ಎಡಕ್ಕೆ ವಾಲುತ್ತಿತ್ತು. ಅವಳು ಮೂಗು ತುರಿಸಿಕೊಂಡಳು. ಹಿಂದಿನ ಸಾಲಿನಲ್ಲಿ ಮೂವರು ಮೂಗು ತುರಿಸಿಕೊಂಡರು.

ಹಾಗಾದರೆ ಸಾಸಿವೆ ಯಾರನ್ನು ನೋಡುತ್ತಿದ್ದಾಳೆ? ಮಿಸ್ಸು ಅವಳ ಕಣ್ಣಿನ ಜಾಡು ಹಿಡಿದು ತಿರುಗಿದಳು. ಗಾಜಿನ ಬಾಗಿಲು. ಬಾಗಿಲಾಚೆ ಕಾರಿಡಾರು. ಕಾರಿಡಾರಿನಲ್ಲಿ ಸಾಸಿವೆಯ ತಾತ ಎಡಗೈಯಲ್ಲಿ ಚಪ್ಪಲಿ ಸ್ಟ್ಯಾಂಡನ್ನು ಹಿಡಿದು, ನೋಯುವ ಬಲಮಂಡಿಯನ್ನು ಅರ್ಧಕ್ಕೆ ಎತ್ತಿ, ಮುಖ ಹಿಂಡಿಕೊಂಡು 'ಹಾ...' ಎನ್ನುತ್ತಿದ್ದರು.

ಮಿಸ್ಸು ಬಾಗಿಲು ತೆರೆದಾಗ ಕಾಲು ಇನ್ನೂ ಗಾಳಿಯಲ್ಲೇ ಇತ್ತು.

"ಮಂಡಿ ನೋವಮ್ಮ," ಎಂದರು ತಾತ. "ಸ್ವಲ್ಪ ಆಡಿಸ್ತಿದ್ದೆ ಅಷ್ಟೆ."

"ಬಲಗೈಯ ಎರಡು ಬೆರಳು ತಲೆ ಮೇಲಿಟ್ಕೊಂಡಿದ್ರಲ್ಲ ತಾತ, ಕಿವಿಗೂ ನೋವಾ?" ಎಂದಳು ಮಿಸ್ಸು.

ಪಕ್ಕದ ಬೆಂಚಿನಲ್ಲಿ ಮೊಲಗಳ ಬಾಲ ಹೊಲಿಯುತ್ತಿದ್ದ ಟೈಲರಮ್ಮ ಬಾಯಲ್ಲಿದ್ದ ಸೂಜಿ ತೆಗೆದು ಬಿದ್ದು ಬಿದ್ದು ನಕ್ಕಳು. ಲಾಯರ್‌ನ ಅಮ್ಮ ಅವಳೇ. ಸ್ಟುಡಿಯೋದ ಬಟ್ಟೆಯ ಜವಾಬ್ದಾರಿಯೆಲ್ಲ ಅವಳದೇ. "ಒಪ್ಕೊಂಡ್ಬಿಡಿ ಅಣ್ಣಾ. ಮೊದಲ ದಿನದಿಂದ ನಾನೂ ನೋಡ್ತಾನೇ ಇದೀನಿ. ಬಾಯಲ್ಲಿ ಸೂಜಿ ಇತ್ತು ಅಂತ ಸುಮ್ನಿದ್ದೆ."

ತಾತ ಕಾಲು ಇಳಿಸಿದರು. ವಿಷಯ ಇಷ್ಟೇ. ಸೇರಿದ ದಿನ ಸಾಸಿವೆ ಅವರ ಬೆರಳನ್ನು ಹಿಡಿದವಳು ಬಿಟ್ಟಿರಲಿಲ್ಲ. 'ನೀನು ಕಾಣಿಸ್ತಾ ಇರ್ಬೇಕು' ಎಂಬ ಷರತ್ತಿನ ಮೇಲೆ ಒಳಗೆ ಹೋಗಿದ್ದಳು. ಆಮೇಲೆ ಒಂದು ದಿನ ಸ್ಟೆಪ್ಪು ಮರೆತು ಬಾಗಿಲ ಕಡೆ ನೋಡಿದಳು, ತುಟಿ ನಡುಗುತ್ತಿತ್ತು. ತಾತ ಸುಮ್ಮನಿರಲಾರದೆ ಎಡಗೈ ಎತ್ತಿ ತೋರಿಸಿದರು. ಅಲ್ಲಿಂದ ಶುರು. ಜೀವನಪೂರ್ತಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾಗಿದ್ದವರಿಗೆ ನೃತ್ಯ ಅರ್ಥವಾಗಿದ್ದೂ ಹಾಗೆಯೇ. ಎಡ ಇಂಡಿಕೇಟರ್, ಬಲ ಇಂಡಿಕೇಟರ್, ರಿವರ್ಸು, ಯೂ ಟರ್ನು. ಅವರ ಹಳೆಯ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಲಿಯುವವರು ತಾವೇ ಓಡಿಸುತ್ತಿದ್ದೇವೆ ಎಂದುಕೊಂಡು ಬೀಗುತ್ತಿದ್ದರು. ಓಡಿಸುತ್ತಿದ್ದದ್ದು ಪಕ್ಕದಲ್ಲಿ ಕೂತವರು.

"ಭಾನುವಾರ ಸ್ಟೇಜ್ ಮೇಲೆ ಈ ಗಾಜಿನ ಬಾಗಿಲು ಇರಲ್ಲ ತಾತ," ಎಂದಳು ಮಿಸ್ಸು. "ಮಕ್ಕಳು ತಾವೇ ಕುಣೀಬೇಕು. ಎಲ್ಲಾ ಅಪ್ಪ ಅಮ್ಮಂದಿರಿಗೂ ಹಂಗೇ ಹೇಳ್ಕೊಂಡು ಬಂದಿದೀನಿ. ಮಾನ ಕಳೀಬೇಡಿ."

"ನಾನು ಕಾಣಿಸ್ಲಿಲ್ಲ ಅಂದ್ರೆ ಅವಳು ಕಾಲೇ ಎತ್ತಲ್ಲಮ್ಮ."

"ಎತ್ತುತ್ತಾಳೆ. ನೋಡ್ತಿರಿ."

ಮರುದಿನ ಗಾಜಿನ ಬಾಗಿಲಿಗೆ ಮೇಲಿಂದ ಕೆಳಗಿನವರೆಗೆ ಹಳೆಯ ಪೇಪರು ಅಂಟಿತ್ತು. ಹಾಡು ಶುರುವಾಯಿತು. ಸಾಸಿವೆ ಬಾಗಿಲ ಕಡೆ ನೋಡಿದಳು. ಅಲ್ಲಿ ತಾತನ ಬದಲು ಟಯರಿನ ಜಾಹೀರಾತು ಇತ್ತು. ಅವಳು ಕಂಬದಂತೆ ನಿಂತಳು. ಮುಂದಿನ ಕುರಿ ನಿಂತಿತೆಂದು ಹಿಂದಿನ ಮಂದೆಯೂ ನಿಂತಿತು. ಹಾಡು ಮಾತ್ರ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಆಗ ಸಾಸಿವೆಗೆ ಏನೋ ಹೊಳೆಯಿತು. ಮೆಲ್ಲಗೆ ಬಗ್ಗಿದಳು, ಇನ್ನಷ್ಟು ಬಗ್ಗಿ ಕೆನ್ನೆಯನ್ನು ನೆಲಕ್ಕೆ ಒತ್ತಿದಳು. ಬಾಗಿಲ ಅಡಿಯ ಸಂದಿನಲ್ಲಿ ಎರಡು ಕಂದು ಬೂಟುಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುತ್ತಿದ್ದವು. ಸಾಸಿವೆಯ ಮುಖ ಅರಳಿತು. ಹಿಂದಿನ ಮೊಲಗಳೂ ಒಂದೊಂದಾಗಿ ಕೆನ್ನೆಯನ್ನು ನೆಲಕ್ಕೊತ್ತಿ ಬಾಲ ಮೇಲೆತ್ತಿ ಮಲಗಿದವು.

"ಇದೂ ಸ್ಟೆಪ್ಪಾ ಮಿಸ್?" ಎಂದು ಲಾಯರ್ ನೆಲದಿಂದಲೇ ಕೇಳಿದಳು. "ಇದು ಈಸಿ."

ಮಿಸ್ಸು ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಎದ್ದು ತಾತನನ್ನೇ ಒಳಗೆ ಕರೆದು, ನೀವು ತೋರಿಸುವುದಾದರೆ ನೆಟ್ಟಗೆ ತೋರಿಸಿ, ಕಾಲು ಪೂರ್ತಿ ಎತ್ತಿ ಎಂದು ಗೋಗರೆದಳು. ತಾತ ಕನ್ನಡಿಯ ಮುಂದೆ ನಿಂತು ಮನಸ್ಸಿಟ್ಟು ಪ್ರಯತ್ನಪಟ್ಟರು. ಮಂಡಿ 'ಕಟಕ್' ಎಂದಿತು. ಮಕ್ಕಳೆಲ್ಲ ನಾಲಿಗೆಯಲ್ಲಿ 'ಕಟಕ್' ಎಂದವು.

"ಬಿಡಮ್ಮ ಮಿಸ್ಸೂ," ಎಂದಳು ಟೈಲರಮ್ಮ. "ತಾತ ಹಿಡಿದ ಮೊಲಕ್ಕೆ ಮೂರೇ ಕಾಲು."

ಅವತ್ತು ಮನೆಗೆ ಹೋಗುವಾಗ ಸಾಸಿವೆ ಕಿವಿ ಹಾಕಿಕೊಂಡೇ ನಡೆದಳು. ರಸ್ತೆ ದಾಟುವ ಕಡೆ ನಿಂತು, "ಸ್ಟೇಜಿಂದ ನೀನು ಕಾಣಿಸ್ತೀಯಾ?" ಎಂದು ಕೇಳಿದಳು.

"ಕೆಳಗಡೆ ಕತ್ತಲೆ ಇರತ್ತೆ ಪುಟ್ಟಾ. ಆದ್ರೆ ನಾನಲ್ಲೇ ಇರ್ತೀನಿ."

"ಕಾಣಿಸ್ತೀಯಾ ಅಂತ ಕೇಳಿದ್ದು."

"ಕಾಣಿಸಲ್ಲ."

"ಹಂಗಾದ್ರೆ ನಾನು ಬರಲ್ಲ." ಸಿಟ್ಟಿನಿಂದಲ್ಲ, ಬಸ್ಸಿಲ್ಲದಿದ್ದರೆ ಬರಲಾಗುವುದಿಲ್ಲ ಎಂದು ದೊಡ್ಡವರು ಹೇಳುವ ಹಾಗೆ ಹೇಳಿದಳು. ಹೇಳಿ, ದಾರಿಯಲ್ಲಿ ಬಿದ್ದಿದ್ದ ಒಂದು ಮುಚ್ಚಳವನ್ನು ಒದೆಯುತ್ತಾ ಮುಂದೆ ಹೋದಳು. ತಾತ ಹಿಂದೆ ನಡೆದರು. ಭಾನುವಾರ ಅವಳನ್ನು ಸ್ಟೇಜ್ ಹತ್ತಿಸುವುದು ಹೇಗೆಂಬ ಒಂದೇ ಯೋಚನೆ. ಎದುರಿಗೆ ಬಂದ ಸೈಕಲ್ಲನ್ನು ಕೂಡ ಅವರು ನೋಡಲಿಲ್ಲ. ಸೈಕಲ್ಲಿನವನು, "ಏನ್ ಯಜಮಾನ್ರೇ, ರೋಡ್ ರೂಲ್ಸ್ ಗೊತ್ತಿಲ್ವಾ?" ಎಂದು ಬೈದು ಹೋದ. ಅಂಥ ಮಾತು ಅವರಿಗೆ ಬಿದ್ದದ್ದು ಅದೇ ಮೊದಲು.

ಶನಿವಾರ ನಿಜವಾದ ಸ್ಟೇಜಿನ ಮೇಲೆ ಕೊನೆಯ ಅಭ್ಯಾಸ. ತಾತನನ್ನು ಪಕ್ಕದ ಪರದೆಯ ಮರೆಯಲ್ಲಿ ನಿಲ್ಲಿಸಿದರು. ಈಗ ಸಾಸಿವೆಗೆ ತಾತ ಕಂಡರು. ಕುರ್ಚಿಗಳ ಕಡೆಯಿಂದ ಮಾತ್ರ ಮೊಲಗಳ ಮುಖ ಕಾಣಲಿಲ್ಲ. ಮಕ್ಕಳೆಲ್ಲ ಪೂರ್ತಿ ಪಕ್ಕಕ್ಕೆ ತಿರುಗಿ ಪರದೆಗೆ ನೃತ್ಯ ತೋರಿಸಿದವು.

"ಎಂಥ ಚೆಂದ! ನಾನು ಹೊಲ್ದಿರೋ ಬಾಲ ಒಂದೂ ಬಿಡದಂಗೆ ಕಾಣ್ತಿದೆ!" ಎಂದು ಟೈಲರಮ್ಮ ಖಾಲಿ ಕುರ್ಚಿಗಳ ನಡುವಿನಿಂದ ಕೂಗಿದಳು.

"ಹಾಗಾದ್ರೆ ಇವರನ್ನ ಎಲ್ಲಿಡ್ಲಿ ಅಕ್ಕಾ?" ಮಿಸ್ಸಿನ ದನಿ ಅಳುವ ಹದಕ್ಕೆ ಬಂದಿತ್ತು. "ಮಕ್ಕಳ ಎದುರಿಗೇ ಇರ್ಬೇಕು, ಆದ್ರೆ ಇದಾರೆ ಅಂತ ಯಾರಿಗೂ ಗೊತ್ತಾಗ್ಬಾರ್ದು!"

"ಕಾಡು ತಾನೆ ಇದು?" ಟೈಲರಮ್ಮ ಮಡಿಲಲ್ಲಿದ್ದ ಹಸಿರು ಬಟ್ಟೆಯ ಸುರುಳಿಯನ್ನು ಎತ್ತಿ ಹಿಡಿದಳು. "ಒಂದು ಮರ ಇದ್ರೆ ಯಾರು ಬೇಡ ಅಂತಾರೆ?"

ಎಲ್ಲರೂ ತಾತನನ್ನು ನೋಡಿದರು. ತಾತ ತಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು.

"ನಾನಾ? ಮರಾನಾ? ಈ ವಯಸ್ಸಲ್ಲಾ?"

"ಮರಕ್ಕೆ ವಯಸ್ಸಾಗಿದ್ರೇನೇ ಚೆಂದ ಅಣ್ಣಾ."

"ನಾನು ಲೈಸೆನ್ಸ್ ಕೊಡಿಸಿರೋರು ಅರ್ಧ ಊರು ಇದಾರೆ, ಅವರೆಲ್ಲಾ ಬರ್ತಾರೆ..."

"ಬೆನ್ನು ತಾನೇ ಕಾಣೋದು. ಬೆನ್ನಿಗೇನು ನಂಬರ್ ಪ್ಲೇಟ್ ಇದೆಯಾ?"

ಸಾಸಿವೆ ಸ್ಟೇಜಿನ ಅಂಚಿನಲ್ಲಿ ಕೂತು ಕಾಲಾಡಿಸುತ್ತಾ ತಾತನ ಉತ್ತರಕ್ಕೆ ಕಾಯುತ್ತಿದ್ದಳು. ತಾತ ನಿಟ್ಟುಸಿರು ಬಿಟ್ಟು ಎರಡೂ ಕೈ ಅಗಲಿಸಿ ನಿಂತರು. "ಅಳತೆ ತಗೋಮ್ಮ."

ಭಾನುವಾರ ಸಭಾಂಗಣ ತುಂಬಿತ್ತು. ಪರದೆ ಸರಿದಾಗ ಜನರಿಗೆ ಮೊದಲು ಕಂಡದ್ದು ಸ್ಟೇಜಿನ ಮುಂದಿನ ಮೂಲೆಯಲ್ಲಿ ಬೆನ್ನು ಹಾಕಿ ನಿಂತ ಒಂದು ದಪ್ಪ ಮರ. ಅದರ ಬುಡದಲ್ಲಿ ಕಂದು ಬೂಟುಗಳು. ಮೇಲೆ ತೂಕದ ಎಲೆ ಕಿರೀಟ. ಟೈಲರಮ್ಮ ಉಳಿದ ಬಟ್ಟೆಯನ್ನೆಲ್ಲ ಅದಕ್ಕೇ ಸುರಿದಿದ್ದಳು. ಹಾಡು ಶುರುವಾಯಿತು. ಗಾಳಿಯೇ ಇಲ್ಲದೆ ಮರದ ಎಡಗಡೆಯ ಕೊಂಬೆ ಮೇಲೆದ್ದಿತು. ಮೊಲಗಳು ಎಡಕ್ಕೆ ಓಡಿದವು. ಬಲಗಡೆಯ ಕೊಂಬೆ ಎದ್ದಿತು. ಬಲಕ್ಕೆ ಓಡಿದವು. ಮೊದಲ ಸಾಲಿನಲ್ಲಿ ಯಾರೋ, "ಮರ ಭಾರಿ ಚೆನ್ನಾಗಿ ಕುಣಿಯತ್ತೆ ಕಣ್ರೀ," ಎಂದರು. ಪರದೆಯ ಮರೆಯಲ್ಲಿ ಮಿಸ್ಸು ಕೊರಳಿಗೆ ನೇತುಹಾಕಿದ್ದ ಸೀಟಿಯನ್ನು ಕಚ್ಚಿ ಹಿಡಿದು ನಿಂತಿದ್ದಳು.

ಎಲ್ಲ ಸರಿಯಾಗಿಯೇ ಇತ್ತು, ಮೊಲದ ನೆಗೆತದವರೆಗೆ. ಮರ ಮಂಡಿ ಎತ್ತಬೇಕೆನ್ನುವ ಹೊತ್ತಿಗೆ ಹಸಿರು ಬಟ್ಟೆಯ ಎಳೆಯೊಂದು ಮೂಗಿಗೆ ಹೋಯಿತು. ತಾತ ತಡೆದರು. ತಡೆದಷ್ಟೂ ಜೋರಾಗಿ ಬಂದ ಆ ಸೀನು ಸಭಾಂಗಣದ ಕೊನೆಯ ಕುರ್ಚಿಗೂ ಕೇಳಿಸಿತು. ಕಿರೀಟ ಜಾರಿ ಗಲ್ಲದವರೆಗೆ ಬಂದು ಕೂತಿತು. ಲೋಕವೆಲ್ಲ ಹಸಿರು ಕತ್ತಲೆ. ಜನ ನಕ್ಕರು. ತಾತನಿಗೆ ನಗು ಕೇಳಿಸುತ್ತಿತ್ತು, ಹಾಡು ಕೇಳಿಸುತ್ತಿತ್ತು, ಮಕ್ಕಳ ಕಾಲಿನ ಸದ್ದು ಮಾತ್ರ ಇಲ್ಲ. ಸಾಸಿವೆ ನಿಂತುಬಿಟ್ಟಳು, ಎಂದುಕೊಂಡರು. ತುಟಿ ನಡುಗುತ್ತಿರಬೇಕು. ಕಿರೀಟ ಎತ್ತಲು ಹೋದರೆ ಕೊಂಬೆಗೆ ಹೊಲಿದ ಕೈ ತಲೆಯವರೆಗೆ ಬಗ್ಗುತ್ತಿಲ್ಲ. ತಲೆ ಕೊಡವಿದರು, ಇನ್ನೂ ಕೊಡವಿದರು. ಬಿರುಗಾಳಿಗೆ ಸಿಕ್ಕಂತೆ ಮರ ಹೊಯ್ದಾಡಿತು.

ಅಷ್ಟರಲ್ಲಿ ಧಪ್ ಎಂದು ಒಂದು ಸದ್ದು. ಒಂದೇ ಒಂದು ಜೊತೆ ಪುಟ್ಟ ಕಾಲು ಹಲಗೆಯ ಮೇಲೆ ಬಿದ್ದ ಸದ್ದು. ಮತ್ತೆ ಧಪ್. ಆಮೇಲೆ ಧಪ್ ಧಪ್ ಧಪ್ ಎಂದು ಇಡೀ ಹಲಗೆ ನಡುಗಿತು.

ಕಿರೀಟ ಹಿಂದಕ್ಕೆ ಜಾರಿದಾಗ ತಾತನಿಗೆ ಎದುರಿಗೇ ಸಾಸಿವೆ ಕಂಡಳು. ಎರಡೂ ಕೈ ಎದೆಯ ಹತ್ತಿರ, ಬಲಮಂಡಿ ಹೊಟ್ಟೆಯವರೆಗೆ. ಚಾಚಿದ ಕೈ ಇಲ್ಲ, ಹಿಂಡಿದ ಮುಖ ಇಲ್ಲ, 'ಹಾ' ಇಲ್ಲ. ನೆಲದಲ್ಲಿ ಸ್ಪ್ರಿಂಗ್ ಇದ್ದ ಹಾಗೆ ನೆಗೆಯುತ್ತಿದ್ದಳು. ಹಿಂದಿನ ಮೊಲಗಳು ಅವಳನ್ನು ನೋಡಿ ನೆಟ್ಟಗೆ ನೆಗೆಯುತ್ತಿದ್ದವು. ಲಾಯರ್ ಒಬ್ಬಳು ಮಾತ್ರ ಹಟ ಬಿಡದೆ ಇನ್ನೂ ಕುಂಟುತ್ತಿದ್ದಳು.

ಮುಂದಿನದು ಯೂ ಟರ್ನು. ತಾತ ಅಭ್ಯಾಸಬಲದಿಂದ ಬಲಗಡೆಯ ಕೊಂಬೆ ಎತ್ತಿದರು. ಸಾಸಿವೆ ಆಗಲೇ ಸುತ್ತು ತಿರುಗಿ ಮತ್ತೆ ಎದುರಿಗೆ ಬಂದಾಗಿತ್ತು. ಅವಳ ಕಣ್ಣು ಮರದ ಮೇಲೆ ಇರಲಿಲ್ಲ. ಮರವನ್ನು ದಾಟಿ, ಕತ್ತಲೆಯಲ್ಲಿ ಕೂತಿದ್ದ ಅಷ್ಟೊಂದು ಜನರ ಕಡೆ ಬಾಯಿ ತೆರೆದು ನೋಡುತ್ತಿದ್ದಳು.

ಎತ್ತಿದ ಕೊಂಬೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ತಾತ ಅದನ್ನು ಯಾರಿಗೂ ಗೊತ್ತಾಗದ ಹಾಗೆ ಮೆಲ್ಲಗೆ ಇಳಿಸಿದರು. ಉಳಿದ ಹಾಡಿಗೆಲ್ಲ ಅವರು ಬರೀ ಮರವಾಗಿ ನಿಂತರು. ಮೂಗು ಇನ್ನೂ ತುರಿಸುತ್ತಿತ್ತು. ಕಣ್ಣೂ ಒದ್ದೆಯಾಗಿತ್ತು. ಒರೆಸಿಕೊಳ್ಳೋಣವೆಂದರೆ ಕೈ ಬಗ್ಗುವಂತಿರಲಿಲ್ಲ.

ಹಾಡು ಮುಗಿದು ದೀಪ ಆರಿತು. ಚಪ್ಪಾಳೆ, ಸಿಳ್ಳೆ, ಟೈಲರಮ್ಮನ "ನನ್ನ ಬಾಲ! ನನ್ನ ಬಾಲಗಳು!" ಎಂಬ ಕೂಗು. ಮೊಲಗಳು ಒಂದನ್ನೊಂದು ತಳ್ಳಾಡುತ್ತಾ ಪರದೆಯ ಹಿಂದಕ್ಕೆ ಓಡಿದವು. ಮುಂದಿನ ತಂಡದ ಹುಡುಗರು ಆಚೆ ಬದಿಯಲ್ಲಿ ಸಾಲಾಗಿ ನಿಂತಿದ್ದರು. ಸ್ಟೇಜ್ ಮೇಲೆ ಮರ ಮಾತ್ರ ಉಳಿಯಿತು. ನಿಲ್ಲುವುದೆಲ್ಲಿ, ತಿರುಗುವುದೆತ್ತ ಎಂದೆಲ್ಲ ಹೇಳಿಕೊಟ್ಟಿದ್ದರು. ಮುಗಿದ ಮೇಲೆ ಮರ ಹೋಗುವುದು ಹೇಗೆಂದು ಯಾರಿಗೂ ಹೊಳೆದಿರಲಿಲ್ಲ. ತಾತ ಕತ್ತಲೆಯಲ್ಲಿ ಒಂದು ಬೂಟು ಮುಂದಿಟ್ಟು, ಅಂಚೆಲ್ಲಿದೆಯೋ ತಿಳಿಯದೆ ಅದನ್ನು ಹಿಂದಕ್ಕೆ ತೆಗೆದುಕೊಂಡರು.

ಚಿಕ್ಕ ಕಾಲುಗಳು ವಾಪಸು ಓಡಿಬಂದ ಸದ್ದಾಯಿತು. ಕೆಳಗಿನ ಕೊಂಬೆಯೊಂದನ್ನು ಒಂದು ಬೆವೆತ ಕೈ ಹಿಡಿದು ಎಳೆಯಿತು.

"ಈ ಕಡೆ ತಾತ. ಇಲ್ಲಿ ಮೆಟ್ಲಿದೆ, ಮೆಲ್ಲಗೆ."

ಮರ ಎಲೆ ಉದುರಿಸಿಕೊಳ್ಳುತ್ತಾ ಅವಳ ಹಿಂದೆ ಹೊರಟಿತು.