ಉಪ್ಪಿನ ಸಾಲಿನಲ್ಲಿ ಒಂದು ಸೊನ್ನೆ

ತಮ್ಮನ ಕೋಳಿ ಸಾರಿಗೆ ಮಾಂಸವನ್ನು ನಾನು ತೂಗಿಯೇ ಹಾಕುತ್ತಿದ್ದೆ: ಚರ್ಮ ತೆಗೆದ ಎದೆಯ ಭಾಗ, ಎಂಬತ್ತು ಗ್ರಾಂ. ಎಣ್ಣೆ ಒಂದು ಚಮಚ. ಅರ್ಧ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕುಟ್ಟಿದ ಮೆಣಸು. ಟೊಮೆಟೊ ಇಲ್ಲ, ತೆಂಗಿನಕಾಯಿ ಇಲ್ಲ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಆಲೂಗಡ್ಡೆ ಬೇಕೇ ಬೇಕೆಂದು ಅವನು ಹಟ ಹಿಡಿದ ದಿನ ತೆಳ್ಳಗೆ ಹೆಚ್ಚಿ, ಎರಡು ಸಲ ಬೇರೆ ಬೇರೆ ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಿ, ನಾಲ್ಕೇ ಹೋಳು ಸೇರಿಸುತ್ತಿದ್ದೆ. ಪೊಟ್ಯಾಸಿಯಂ ನೀರಿನ ಜೊತೆ ಹೊರಟುಹೋಗುತ್ತದೆ. ಕಿಡ್ನಿ ಕೆಟ್ಟವರ ಮೈಯಿಂದ ಮಾತ್ರ ಅದು ಹೋಗುವುದಿಲ್ಲ. ರಕ್ತದಲ್ಲಿ ಏರುತ್ತ ಏರುತ್ತ ಒಂದು ದಿನ ಹೃದಯವನ್ನೇ ನಿಲ್ಲಿಸಿಬಿಡುತ್ತದೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ತಮ್ಮ ಬಡಗಿ, ಎರಡು ವರ್ಷದಿಂದ ಉಳಿ ಮುಟ್ಟಿಲ್ಲ, ವಾರಕ್ಕೆ ಮೂರು ದಿನ ಡಯಾಲಿಸಿಸ್. ಆರು ವಾರದಲ್ಲಿ ಅಮ್ಮನ ಒಂದು ಕಿಡ್ನಿ ತೆಗೆದು ಅವನಿಗೆ ಹಾಕುವುದೆಂದು ದಿನ ಗೊತ್ತಾಗಿತ್ತು. ಅಮ್ಮನಿಗೆ ಅರವತ್ತನಾಲ್ಕು. "ಈ ಸಲ ತಪ್ಪಿದ್ರೆ, ಒಂದು ವರ್ಷ ಬಿಟ್ಟು ಆ ವಯಸ್ಸಲ್ಲಿ ಇವರ ಕಿಡ್ನಿ ತೆಗೆಯೋಕೆ ನಾನು ಒಪ್ಪೋದಿಲ್ಲ," ಎಂದಿದ್ದರು ಕಿಡ್ನಿ ಡಾಕ್ಟರು. "ಅಲ್ಲಿವರೆಗೂ ಹುಡುಗನ ಹೃದಯ ಗಟ್ಟಿಯಾಗಿರಬೇಕು. ಅದನ್ನ ನೋಡ್ಕೊಳ್ಳೋದು ನಿಮ್ಮ ಅಡುಗೆಮನೆ."

ಅಡುಗೆಮನೆಯನ್ನು ನಾನು ವಹಿಸಿಕೊಂಡೆ. ಒಂದು ಪಟ್ಟಿ ಮಾಡಿ ಬೀರುವಿನ ಬಾಗಿಲಿಗೆ ಅಂಟಿಸಿದೆ. ಪ್ರತಿ ಪದಾರ್ಥಕ್ಕೂ ಒಂದು ಸಾಲು. ಎದುರಿಗೆ ಸೋಡಿಯಂ ಎಷ್ಟು, ಪೊಟ್ಯಾಸಿಯಂ ಎಷ್ಟು, ನೀರೆಷ್ಟು. ಉಪ್ಪು ದಿನಕ್ಕೆ ಅರ್ಧ ಚಮಚ.

"ಅಕ್ಕ, ಇದು ಸಾರಾ, ಇಲ್ಲ ಕೋಳಿ ಸ್ನಾನ ಮಾಡಿದ ನೀರಾ?" ಎನ್ನುತ್ತಿದ್ದ.

"ಬಾಯಿ ಮುಚ್ಕೊಂಡು ತಿನ್ನೋ."

"ಬಾಯಿ ಮುಚ್ಕೊಂಡು ಹೆಂಗೆ ತಿನ್ನಲಿ, ಅದಕ್ಕೂ ನಳಿಕೆ ಹಾಕ್ತೀಯಾ?" ಅಮ್ಮನ ಕಡೆ ತಿರುಗುತ್ತಿದ್ದ. "ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಅಂತಾರೆ. ತಾಯಿ ಕಿಡ್ನಿನೇ ಕೊಡ್ತಾಳಂತೆ. ಈ ಡಾಕ್ಟ್ರಮ್ಮ ಒಂದು ಚಿಟಿಕೆ ಉಪ್ಪು ಕೊಡಲ್ಲ ಅಂತಾಳೆ ನೋಡು."

ಅಮ್ಮ ನಗುತ್ತಿದ್ದಳು. ಆದರೆ ಅವನು ಅರ್ಧ ತಿಂದು ತಟ್ಟೆ ತಳ್ಳುತ್ತಿದ್ದ. ಮೂರು ವಾರದಲ್ಲಿ ನಾಲ್ಕು ಕಿಲೋ ಇಳಿದ. ಅದು ನೀರಿಳಿದ ತೂಕವಲ್ಲ, ಮಾಂಸ ಕರಗಿದ್ದು. ಹೀಗೆ ಸೊರಗಿದವನನ್ನು ಆಪರೇಷನ್ ಕೋಣೆಗೆ ಒಯ್ಯುವಂತಿಲ್ಲ.

ಆಗ ಅಂಗಡಿಯಲ್ಲಿ ಅದು ಕಣ್ಣಿಗೆ ಬಿತ್ತು: ಸೋಡಿಯಂ ಅರ್ಧದಷ್ಟೇ ಇರುವ ಉಪ್ಪು. ಪೊಟ್ಟಣದ ಮೇಲೆ ಹೃದಯದ ಚಿತ್ರ ಬೇರೆ. ಮನೆಗೆ ಬಂದು ಪಟ್ಟಿಯ ಮುಂದೆ ನಿಂತು ಲೆಕ್ಕ ಹಾಕಿದೆ. ಸೋಡಿಯಂ ಅರ್ಧ, ಆದ್ದರಿಂದ ಅರ್ಧ ಚಮಚದ ಜಾಗದಲ್ಲಿ ಒಂದು ಚಮಚ ಕೊಡಬಹುದು. ಪಟ್ಟಿಯಲ್ಲಿ ಅರ್ಧ ಎಂಬುದನ್ನು ಹೊಡೆದು ಒಂದು ಎಂದು ಬರೆದೆ; ಸೋಡಿಯಂ ಅಂಕಣದ ಅಂಕಿ ಹಾಗೇ ಉಳಿಯಿತು. ಅದರ ಪಕ್ಕದ ಅಂಕಣದಲ್ಲಿ, ಉಪ್ಪಿನ ಸಾಲಿನಲ್ಲಿ, ಮೊದಲ ದಿನವೇ ಬರೆದ ಸೊನ್ನೆ ಇತ್ತು. ಅಡುಗೆ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದಿಲ್ಲ. ಆ ಸೊನ್ನೆಯ ಕಡೆ ನಾನು ನೋಡಲಿಲ್ಲ.

ಆ ದಿನದ ಸಾರನ್ನು ಅವನು ಬೆರಳಿನಿಂದ ಬಳಿದು ತಿಂದ. "ಅಮ್ಮಾ, ಇವಳಿಗೆ ಯಾರೋ ಅಡುಗೆ ಹೇಳಿಕೊಟ್ಟಿದ್ದಾರೆ!" ಹನ್ನೊಂದು ದಿನ ಹೀಗೆ. ತೂಕ ಒಂದು ಕಿಲೋ ಏರಿತು. ಅಮ್ಮ ನನ್ನ ತಲೆ ಸವರಿದಳು.

ಹನ್ನೆರಡನೆಯ ಬೆಳಿಗ್ಗೆ ಕಾಲು ಭಾರ ಎಂದ. "ಮರಳು ಮೂಟೆ ಕಟ್ಟಿದ ಹಾಗಿದೆ ಕಣೇ." ನಾಳೆ ಡಯಾಲಿಸಿಸ್ ಇದೆ, ಅದರ ಹಿಂದಿನ ದಿನದ ಸುಸ್ತು ಎಂದುಕೊಂಡೆ. ಆದರೂ ಇರಲಿ ಎಂದು ಮನೆಯಲ್ಲೇ ರಕ್ತ ತೆಗೆದು, ಕೊಳವೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೆಲಸಕ್ಕೆ ಹೋದೆ.

ಯಂತ್ರ ಪೊಟ್ಯಾಸಿಯಂ ಏಳೂವರೆ ಎಂದಿತು. ಐದೂವರೆ ದಾಟಬಾರದು.

ಲ್ಯಾಬಿನವರಿಗೆ ಒಂದು ಅಭ್ಯಾಸ ಇದೆ. ಪೊಟ್ಯಾಸಿಯಂ ವಿಪರೀತ ಬಂದರೆ ಮೊದಲು ಕೊಳವೆಯನ್ನು ಅನುಮಾನಿಸುತ್ತೇವೆ. ದಾರಿಯಲ್ಲಿ ಕುಲುಕಾಡಿ ರಕ್ತಕಣ ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಬಂದು ಅಂಕಿ ಸುಳ್ಳಾಗುತ್ತದೆ. ಹಾಗಾದಾಗ ಮೇಲಿನ ತಿಳಿ ಕೆಂಪಗಿರುತ್ತದೆ. ಕೊಳವೆಯನ್ನು ಬೆಳಕಿಗೆ ಹಿಡಿದೆ. ತಿಳಿ ಹಳದಿಯಾಗಿಯೇ ಇತ್ತು. ಸ್ವಲ್ಪ ಕೆಂಪಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವನು ಏನೇನು ತಿನ್ನುತ್ತಾನೆ ಎಂಬುದು ಗ್ರಾಂ ಸಮೇತ ಗೊತ್ತಿದ್ದವಳು ನಾನು. ಏಳೂವರೆ ಬರುವುದಕ್ಕೆ ದಾರಿಯೇ ಇರಲಿಲ್ಲ. ಬೇರೆ ಯಾರದೇ ಹೆಸರು ಆ ಕೊಳವೆಯ ಮೇಲಿದ್ದಿದ್ದರೆ ಹತ್ತು ನಿಮಿಷದೊಳಗೆ ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ. ಅದು ನಿಯಮ. ನಾನು ಅದನ್ನೇ ಮತ್ತೊಮ್ಮೆ ಯಂತ್ರಕ್ಕೆ ಹಾಕಿದೆ. ಏಳು ಪಾಯಿಂಟ್ ಆರು. ಆಮೇಲೆ ಅಮ್ಮನಿಗೆ ಫೋನ್ ಮಾಡಿ, ಇನ್ನೊಂದು ಸಲ ರಕ್ತ ತೆಗೀಬೇಕು, ಆಟೋದಲ್ಲಿ ಕರ್ಕೊಂಡು ಬಾ ಎಂದೆ.

ಅವರು ಬರುವ ಹೊತ್ತಿಗೆ ಐವತ್ತು ನಿಮಿಷ ಕಳೆದಿತ್ತು. ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಬಿಗಿದೆ. "ಎಷ್ಟು ಸಲ ಹೀರ್ತೀಯೇ, ಸೊಳ್ಳೆ ಜಾತಿಯವಳೇ," ಎಂದ. ಅದಾದ ಮೇಲೆ ತಲೆ ಪಕ್ಕಕ್ಕೆ ವಾಲಿತು.

ಅವನ ಹೃದಯ ಆರು ನಿಮಿಷ ನಿಂತಿತ್ತು. ಆಸ್ಪತ್ರೆಯ ಒಳಗೇ ಇದ್ದುದರಿಂದ ಬದುಕಿಕೊಂಡ.

ಮೂರನೆಯ ದಿನ ಡಾಕ್ಟರು ನನ್ನನ್ನು ಕೋಣೆಗೆ ಕರೆದರು. ಹೃದಯದ ಬಲ ಅರ್ಧಕ್ಕರ್ಧ ಇಳಿದಿದೆ ಎಂದರು.

"ಆಪರೇಷನ್ ಮುಂದಕ್ಕೆ ಹೋಗುತ್ತಾ ಸಾರ್?"

"ಮುಂದಕ್ಕಲ್ಲಮ್ಮ. ಇಲ್ಲ. ಆ ಹೃದಯ ತಡಕೊಳ್ಳೋದಿಲ್ಲ." ಕಾಗದ ಮಗುಚಿದರು. "ಏನು ತಿಂತಿದ್ದ?"

ಹೇಳತೊಡಗಿದೆ. ಕೋಳಿ, ಎಣ್ಣೆ, ಈರುಳ್ಳಿ. ಉಪ್ಪಿನ ಹೆಸರು ಹೇಳುವಾಗಲೇ ಹೊಳೆಯಿತು. ಸೋಡಿಯಂ ಅರ್ಧ ತೆಗೆದರೆ ಆ ಜಾಗಕ್ಕೆ ಏನು ಹಾಕುತ್ತಾರೆ ಎಂಬುದು ಹದಿನೇಳನೆಯ ವಯಸ್ಸಿನಿಂದ ನನಗೆ ಗೊತ್ತು. ಪೊಟ್ಯಾಸಿಯಂ ಕ್ಲೋರೈಡ್. ದಿನಕ್ಕೊಂದು ಚಮಚ ಎಂದರೆ ಸಾವಿರದ ಮುನ್ನೂರು ಮಿಲಿಗ್ರಾಂ. ಆಲೂಗಡ್ಡೆಯಿಂದ ಬಸಿದು ಚೆಲ್ಲಿದ್ದಕ್ಕಿಂತ ಹತ್ತು ಪಟ್ಟು ನಾನೇ ಅಳೆದು ಹಾಕಿದ್ದೆ. ಅದನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ.

ವಾರ್ಡಿಗೆ ಹೋದಾಗ ಅಮ್ಮ ಅವನಿಗೆ ಬೈಯುತ್ತಿದ್ದಳು. "ಕೇಳು ಇವನ ಘನಕಾರ್ಯ! ಎದುರುಮನೆಯವರು ಕೊಟ್ರು ಅಂತ ಬಾಳೆಹಣ್ಣು ತಿಂದಿದ್ದಾನೆ. ಕದ್ದು!"

ತಮ್ಮ ಕಣ್ಣೆತ್ತಲಿಲ್ಲ. "ಒಂದೇ ಒಂದು ಅಕ್ಕ. ಭಾನುವಾರ. ನೀನು ಅಷ್ಟು ಕಷ್ಟಪಟ್ಟು ಅಳೆದು ಅಳೆದು ಮಾಡಿದ್ದನ್ನ ನಾನೇ ಹಾಳು ಮಾಡ್ಕೊಂಡೆ. ಅಮ್ಮನ ಕಿಡ್ನಿಗೂ ಯೋಗ್ಯತೆ ಇಲ್ಲದವನಾದೆ."

ಒಂದು ಬಾಳೆಹಣ್ಣಿನಲ್ಲಿ ನಾನೂರು ಮಿಲಿಗ್ರಾಂ. ನಾನು ಬಾಯಿ ಬಿಡದಿದ್ದರೆ ಸಾಕಾಗಿತ್ತು. ಡಾಕ್ಟರು ಇವರಿಗೆ ಹೇಳುವವರಲ್ಲ. ಮಂಚದ ಕಂಬಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಅಷ್ಟು ಹೊತ್ತೂ ಆ ತಪ್ಪನ್ನು ಅವನ ಮೇಲೆಯೇ ಬಿಟ್ಟಿದ್ದೆ. ಇದನ್ನೂ ಬರೆದಿಡಬೇಕು.

"ಹಣ್ಣಿನಿಂದ ಅಲ್ಲ ಕಣೋ," ಎಂದೆ. "ಸಾರಿನಿಂದ. ನಾನು ತಂದ ಉಪ್ಪಿನಿಂದ."

ಬಿಡಿಸಿ ಹೇಳಿದೆ. ಇಬ್ಬರೂ ಕೊನೆಯ ತನಕ ಕೇಳಿದರು. ಪಕ್ಕದ ಮಂಚದ ರೋಗಿ ಕೆಮ್ಮುತ್ತಿದ್ದ.

"ಆ ಹನ್ನೊಂದು ದಿನಾನಾ?" ಎಂದ ತಮ್ಮ.

"ಹೂಂ."

"ಚೆನ್ನಾಗಿದೆ ಅಂತ ನಾನೇ ಎರಡೆರಡು ಸಲ ಹಾಕಿಸ್ಕೊಂಡೆ." ಆಮೇಲೆ, "ಆಪರೇಷನ್?"

"ಇಲ್ಲ."

"ಯಾವತ್ತೂ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಗೋಡೆಯ ಕಡೆ ಹೊರಳಲು ನೋಡಿದ. ಕೈಗೆ ಚುಚ್ಚಿದ ನಳಿಕೆ ಬಿಡಲಿಲ್ಲ. ಹಾಗೇ ಸೂರು ನೋಡುತ್ತ ಮಲಗಿದ.

ಅಮ್ಮ ಎದ್ದು ಸೆರಗಿನಿಂದ ಅವನ ಬಾಯಿ ಒರೆಸಿದಳು. ನನ್ನ ಕಡೆ ತಿರುಗಲಿಲ್ಲ.

"ನಾಳೆಯಿಂದ ಅಡುಗೆ ನಾನು ಮಾಡ್ತೀನಿ," ಎಂದಳು. "ನೀನು ನಿನ್ನ ಕೆಲಸಕ್ಕೆ ಹೋಗು."